ಹಿಂದಿ ಹಾರರ್ ಸ್ಕ್ರಿಪ್ಟು: ಮೊಬೈಲಿಗೆ ಭೂತ ಹಿಡಿಯೋದು ಯಾವ ದಾರೀಲಿ?

ರೊಬಸ್ಟಾ_ರಾತ್ರಿ, ಸಕಲೇಶಪುರ

ಇಪ್ಪತ್ತೈದು ನಿಮಿಷದ ಹಿಂದಿ ಹಾರರ್ ಥ್ರಿಲ್ಲರ್, ಸ್ಕ್ರಿಪ್ಟು ಮೂರನೇ ಡ್ರಾಫ್ಟಿಗೆ ಬಂದಿದೆ. ಮುಂಬೈಯ ಗಂಡ ಹೆಂಡತಿ ಬಿಸ್ಲೆ ಕಡೆಯ ಹಳೇ ಎಸ್ಟೇಟ್ ಬಂಗಲೆಗೆ ನಾಲ್ಕು ದಿನಕ್ಕೆ ಬಂದು ಇಳ್ಕೊಳ್ತಾರೆ. ಗಂಡನ ಅಪ್ಪ ತೀರಿಕೊಂಡು ಆರು ತಿಂಗಳು. ಮೊದಲನೇ ರಾತ್ರಿ ಎರಡು ಗಂಟೆಗೆ ಹೆಂಡತಿಯ ಫೋನು ಹೊಡ್ಕೊಳ್ಳುತ್ತೆ, ಸ್ಕ್ರೀನ್ ಮೇಲೆ ‘ಪಾಪಾ’. ಅಲ್ಲಿಂದ ಮುಂದೆ ಬರೆದಿರೋದು ಇಷ್ಟು: ಸ್ವಿಚ್ ಆಫ್ ಆದ ಫೋನು ರಿಂಗ್ ಆಗೋದು, ತಾನಾಗೇ ಡಯಲ್ ಆಗೋದು, ನೆಟ್‌ವರ್ಕ್ ಇಲ್ಲದ ಕಡೆ ಕರೆ ಬರೋದು, ಫೋಟೋದಲ್ಲಿ ಮೂರನೆಯವರು ಕಾಣೋದು, ಕೊನೆಗೆ ಸ್ಕ್ರೀನಿಂದ ಒಂದು ಕೈ ಆಚೆ ಬರೋದು.

ಡೈರೆಕ್ಟರ್ ಮುಂಬೈಯವರು, ‘ಭೂತ ಅಂದ್ಮೇಲೆ ಲಾಜಿಕ್ ಯಾಕೆ’ ಅಂತಾರೆ. ಮೊಬೈಲು, ಟವರು, ಕ್ಯಾಮೆರಾ, ಸೌಂಡು ಗೊತ್ತಿರೋರು ಒಂದೊಂದನ್ನೇ ಬಿಡಿಸಿ ಹೇಳಿ. ಯಾವುದು ನಿಲ್ಲುತ್ತೆ, ಯಾವುದು ಬಿದ್ದು ಹೋಗುತ್ತೆ? ಗ್ರಾಫಿಕ್ಸಿಗೆ ದುಡ್ಡಿಲ್ಲ.

ನಾಳೆ_ಬಾ, ಅರಸೀಕೆರೆ

ಮೊದಲು ಆ ಕೈ ತೆಗೀರಿ. ವಸ್ತುವಿಗೆ ಭೂತ ಹಿಡಿದ ಕಥೆಗಳಲ್ಲಿ ವಸ್ತು ತನ್ನ ಕೆಲಸಾನೇ ಮಾಡ್ತಿದ್ರೆ ಮಾತ್ರ ಮೈ ಜುಂ ಅನ್ನೋದು. 2009ರ ‘13ಬಿ’ ಅನ್ನೋ ಹಿಂದಿ ಸಿನಿಮಾದಲ್ಲಿ ಟಿ.ವಿ. ಏನ್ ಮಾಡ್ತು? ಮಧ್ಯಾಹ್ನದ ಧಾರಾವಾಹಿ ತೋರಿಸ್ತು, ಅಷ್ಟೇ. ಆ ಧಾರಾವಾಹಿ ಮನೆಯವರ ಬದುಕಿಗೇ ಹೊಂದ್ಕೊಂಡು ಹೋಯ್ತು ಅನ್ನೋದೇ ಹೆದರಿಕೆ. ಟಿ.ವಿ. ಹಾರಾಡಿದ್ರೆ ಜನ ನಗ್ತಿದ್ರು.

ಫೋನಿನ ಕೆಲಸ ರಿಂಗ್ ಆಗೋದು, ಹೆಸರು ತೋರಿಸೋದು, ದನಿ ತಲುಪಿಸೋದು. ಅಷ್ಟರೊಳಗೇ ಆಡಿ. ‘ನಾಳೆ ಬಾ’ ಕಥೇಲೂ ಭೂತ ಮಾಡಿದ್ದು ಬಾಗಿಲು ಬಡಿದು ಮನೆಯವರ ದನೀಲಿ ಕರೆದಿದ್ದು ಮಾತ್ರ. ಮಿಕ್ಕಿದ್ದು ಒಳಗಿದ್ದೋರ ಎದೆ ಮಾಡ್ಕೊಂಡಿದ್ದು.

ಕರೆಂಟ್_ಹೋಯ್ತು, ಕಳಸ

ಅಯ್ಯೋ ಮಾರಾಯ್ರೆ, ಹಾರರ್ ನೋಡೋರು ಮಲ್ಟಿಮೀಟರ್ ಹಿಡ್ಕೊಂಡು ಕೂರ್ತಾರಾ? ಕೈ ಬರ್ಲಿ ಬಿಡಿ.

ರಿಪೇರಿ_ಟೇಬಲ್, ಹಾಸನ

ಮಲ್ಟಿಮೀಟರ್ ಬೇಡ ಸರ್, ಆದ್ರೆ ನೋಡೋರ ಜೇಬಲ್ಲೂ ಒಂದು ಫೋನಿರುತ್ತೆ. ಅದು ಏನ್ ಮಾಡುತ್ತೆ, ಏನ್ ಮಾಡಲ್ಲ ಅಂತ ಕೈಗೇ ಗೊತ್ತಿರುತ್ತೆ.

ಆಫ್ ಆದ ಫೋನಿಗೆ ಕರೆ ಬರಲ್ಲ. ಸಿಗ್ನಲ್ ಹಿಡಿಯೋ ಮೋಡೆಮ್ಮಿಗೇ ಕರೆಂಟ್ ಇಲ್ಲ, ಟವರಿನ ಲೆಕ್ಕದಲ್ಲಿ ಆ ಫೋನೇ ಇಲ್ಲ. ಆದ್ರೆ ಆಫ್ ಆದ ಫೋನು ಸದ್ದು ಮಾಡೋ ದಾರಿ ಒಂದಿದೆ: ಹಳೇ ನೋಕಿಯಾ ಕೀಪ್ಯಾಡ್ ಸೆಟ್ಟುಗಳಲ್ಲಿ ಆಫ್ ಮಾಡಿಟ್ರೂ ಅಲಾರಂ ಹೊಡಿಯುತ್ತೆ. ಗಡಿಯಾರದ ಸರ್ಕ್ಯೂಟು ಒಳಗೆ ಓಡ್ತಾನೇ ಇರುತ್ತೆ, ಹೊತ್ತಾದಾಗ ಸೆಟ್ಟನ್ನ ಎಬ್ಬಿಸುತ್ತೆ. ತೀರಿಕೊಂಡೋರ ಪೆಟ್ಟಿಗೇಲಿ ಆಫ್ ಆಗಿರೋ ನೋಕಿಯಾ, ಬೆಳಗಿನ ಜಾವ ನಾಲ್ಕೂವರೆಗೆ ಅವರ ವಾಕಿಂಗ್ ಅಲಾರಂ. ಬ್ಯಾಟರಿ ಪೂರ್ತಿ ಖಾಲಿ ಆಗಿರಬಾರದು ಅಷ್ಟೇ. ರಿಂಗಿಗಿಂತ ಅದೇ ಚೆನ್ನಾಗಿದೆ.

ತಾನಾಗೇ ಡಯಲ್ ಆಗೋದು ದಿನಾ ಟೇಬಲ್ಲಿಗೆ ಬರೋ ಕಾಯಿಲೆ, ಗೋಸ್ಟ್ ಟಚ್ ಅಂತಾನೇ ಹೆಸರು. ಇಲ್ಲಿ ಬಹಳ ಜನ ತಪ್ಪು ಮಾಡೋದು ಏನಂದ್ರೆ ಎಲ್ಲದಕ್ಕೂ ಚಾರ್ಜರ್ ಮೇಲೆ ಹಾಕ್ತಾರೆ. ಕಳಪೆ ಚಾರ್ಜರಿನ ನಾಯ್ಸು ಸ್ಕ್ರೀನಿಗೆ ತೊಂದರೆ ಕೊಡೋದು ನಿಜ, ಆದ್ರೆ ಆ ನಾಯ್ಸು ಸಾಮಾನ್ಯವಾಗಿ ಬೆರಳಿನ ಮೂಲಕ ಹರಿಯುತ್ತೆ. ಬೆರಳು ಇಟ್ರೆ ಪಾಯಿಂಟು ಕುಣಿಯುತ್ತೆ, ತೆಗೆದ್ರೆ ನಿಲ್ಲುತ್ತೆ. ಮೇಜಿನ ಮೇಲೆ ಒಂಟಿಯಾಗಿ ಬಿದ್ದಿರೋ ಫೋನು ತಾನೇ ಒತ್ಕೊಳ್ಬೇಕಾದ್ರೆ ಬೇರೆ ಕಾರಣ ಬೇಕು: ಒಡೆದ ಗ್ಲಾಸಿನ ಸೀಳಲ್ಲಿ ತೇವ, ಸ್ಕ್ರೀನನ್ನ ಬೋರ್ಡಿಗೆ ಸೇರಿಸೋ ಫ್ಲೆಕ್ಸ್ ಕನೆಕ್ಟರು ಸಡಿಲ ಆಗಿರೋದು, ಇಲ್ಲಾ ಬ್ಯಾಟರಿ ಊದಿ ಪ್ಯಾನೆಲ್ಲನ್ನ ಹಿಂದಿನಿಂದ ಒತ್ತೋದು. ಊದಿದ ಬ್ಯಾಟರಿ ಚಾರ್ಜಿಗೆ ಹಾಕಿ ಬಿಸಿಯಾದಾಗ ಜಾಸ್ತಿ ಒತ್ತುತ್ತೆ. ಹಾಗಾಗಿ ಚಾರ್ಜರ್ ಕಿತ್ತ ಮೇಲೂ ತಕ್ಷಣ ನಿಲ್ಲಲ್ಲ, ಐದು ಹತ್ತು ನಿಮಿಷ ಬಿಟ್ಟು ಬಿಟ್ಟು ಒತ್ತುತ್ತೆ. ಈ ತಡಾನೇ ನಿಮ್ಮ ದೃಶ್ಯ: ಅವಳು ವೈರ್ ಕಿತ್ತು, ಉಸಿರು ಬಿಟ್ಟು, ಮಲಗ್ತಾಳೆ. ಫೋನು ಇನ್ನೂ ಒತ್ಕೊಳ್ತಿದೆ.

ಲಾಕ್ ಸ್ಕ್ರೀನ್ ಮರೀಬೇಡಿ. ಪಿನ್ ಇದ್ರೆ ಗೋಸ್ಟ್ ಟಚ್ಚು ಎಮರ್ಜೆನ್ಸಿ ಕರೆಗಿಂತ ಆಚೆ ಹೋಗಲ್ಲ. ಕಾಲ್ ಹಿಸ್ಟರಿ ತೆರೆದಿಟ್ಟು ನಿದ್ದೆ ಹೋದ್ಲು, ಸ್ಕ್ರೀನ್ ಟೈಮ್‌ಔಟ್ 10 ನಿಮಿಷ ಅಂತ ಮೊದಲೇ ಒಂದು ಶಾಟಲ್ಲಿ ತೋರಿಸಿಬಿಡಿ.

ಸೆಟ್ಟಿಗೆ ನಿಜವಾದ ಊದಿದ ಬ್ಯಾಟರಿ ತರಬೇಡಿ, ಚುಚ್ಚಿದ್ರೆ ಬೆಂಕಿ. ಸತ್ತ ಸೆಟ್ಟಿನ ಬ್ಯಾಟರಿ ತೆಗೆಸಿ, ಆ ಜಾಗಕ್ಕೆ 2 ಮಿ.ಮೀ. ರಟ್ಟು ಎರಡು ಮಡಿಕೆ ಇಟ್ಟು ಹಿಂದಿನ ಕವರ್ ಒತ್ತಿ ಕೂರಿಸಿ. ಅಂಚಲ್ಲಿ ಬಾಯಿ ಬಿಟ್ಟಿರೋದು ಕ್ಲೋಸಪ್ಪಲ್ಲಿ ಚೆನ್ನಾಗಿ ಕಾಣುತ್ತೆ.

ರೊಬಸ್ಟಾ_ರಾತ್ರಿ, ಸಕಲೇಶಪುರ

ಸರ್, ಯಾರೂ ಮುಟ್ಟದೆ ಸ್ಕ್ರೀನ್ ತಾನೇ ಟೈಪ್ ಮಾಡೋದನ್ನ ಶೂಟ್ ಮಾಡೋದು ಹೇಗೆ? ಹಿಂದೀಲಿ ‘ಕಹಾಂ ಹೋ’ ಅಂತ ಟೈಪ್ ಆಗ್ಬೇಕು.

ರಿಪೇರಿ_ಟೇಬಲ್, ಹಾಸನ

ಆಂಡ್ರಾಯ್ಡ್ ಫೋನು, ಒಂದು ಲ್ಯಾಪ್‌ಟಾಪು, ‘ಎಸ್‌ಸಿಆರ್‌ಸಿಪಿವೈ’ ಅನ್ನೋ ಪುಕ್ಕಟೆ ತಂತ್ರಾಂಶ. ಫೋನಿನ ಸ್ಕ್ರೀನನ್ನ ಲ್ಯಾಪ್‌ಟಾಪಲ್ಲಿ ತೋರಿಸಿ ಅಲ್ಲಿಂದಲೇ ಒತ್ತೋಕೆ ಬಿಡುತ್ತೆ. ಸೆಟ್ಟಿಂಗ್ಸಲ್ಲಿ ಅಬೌಟ್ ಫೋನ್, ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದ್ರೆ ಡೆವಲಪರ್ ಆಪ್ಷನ್ಸ್ ತೆರ್ಕೊಳ್ಳುತ್ತೆ. ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ. ರೆಡ್‌ಮಿ, ಪೋಕೋ ಆದ್ರೆ ಕೆಳಗೆ ‘ಯುಎಸ್‌ಬಿ ಡಿಬಗಿಂಗ್ (ಸೆಕ್ಯುರಿಟಿ ಸೆಟ್ಟಿಂಗ್ಸ್)’ ಅಂತ ಇನ್ನೊಂದಿದೆ, ಅದನ್ನೂ ಆನ್ ಮಾಡ್ಬೇಕು. ಇಲ್ಲಾಂದ್ರೆ ಲ್ಯಾಪ್‌ಟಾಪಲ್ಲಿ ಚಿತ್ರ ಕಾಣುತ್ತೆ, ಒತ್ತಿದ್ರೆ ಏನೂ ಆಗಲ್ಲ. ಅರ್ಧ ದಿನ ಹಾಳಾಗೋದು ಇಲ್ಲೇ.

ಒಟಿಜಿ ಕನೆಕ್ಟರ್ ಹಾಕಿ ಫೋನಿಗೇ ಮೌಸ್ ಸಿಕ್ಕಿಸಬೇಡಿ, ಸ್ಕ್ರೀನ್ ಮೇಲೆ ಬಾಣ ಕಾಣುತ್ತೆ. ಎಸ್‌ಸಿಆರ್‌ಸಿಪಿವೈನಲ್ಲಿ ಲ್ಯಾಪ್‌ಟಾಪಿಂದ ಒತ್ತಿದ್ರೆ ಫೋನಲ್ಲಿ ಬಾಣ ಬರಲ್ಲ. ಒತ್ತಿದ ಕಡೆ ಚುಕ್ಕೆ ತೋರಿಸೋ ‘ಶೋ ಟ್ಯಾಪ್ಸ್’ ಆಫ್ ಇರ್ಲಿ. ವೈರ್ ಕಾಣಬಾರದು ಅಂದ್ರೆ ಆಂಡ್ರಾಯ್ಡ್ 11ರಿಂದ ಈಚೆಗೆ ವೈರ್‌ಲೆಸ್ ಡಿಬಗಿಂಗ್ ಇದೆ. ಬಂಗಲೇಲಿ ವೈಫೈ ಇಲ್ದಿದ್ರೆ ಇನ್ನೊಂದು ಫೋನಿನ ಹಾಟ್‌ಸ್ಪಾಟಿಗೆ ಎರಡನ್ನೂ ಹಾಕಿ, ಡೇಟಾ ಬೇಕಿಲ್ಲ.

ದೇವನಾಗರಿ ಕಮಾಂಡಲ್ಲಿ ಕಳಿಸೋಕಾಗಲ್ಲ, ಲ್ಯಾಪ್‌ಟಾಪಿಂದ ಫೋನಿಗೆ ಆದೇಶ ಕಳಿಸೋ ಎಡಿಬಿಯ ಟೆಕ್ಸ್ಟ್ ಕಮಾಂಡು ಇಂಗ್ಲಿಷ್ ಅಕ್ಷರ ಮಾತ್ರ ತಗೊಳ್ಳುತ್ತೆ. ಪೇಸ್ಟ್ ಮಾಡಿದ್ರೆ ಪೂರ್ತಿ ವಾಕ್ಯ ಧಪ್ ಅಂತ ಬಂದು ಕೂರುತ್ತೆ, ಹೆದರಿಕೆ ಹೋಯ್ತು. ಫೋನಲ್ಲಿ ಹಿಂದಿ ಕೀಬೋರ್ಡ್ ತೆರೆದು, ಲ್ಯಾಪ್‌ಟಾಪಲ್ಲಿ ಒಂದೊಂದೇ ಕೀಲಿ ಒತ್ತಿ. ಬೆರಳಿಟ್ಟಂಗೇ ಅಕ್ಷರ ಉಬ್ಬಿ ಇಳಿಯುತ್ತೆ. ಮೇಲಿನ ಸಲಹೆ ಪಟ್ಟಿ ಮಾತ್ರ ಮುಚ್ಚಿಡಿ, ಅದರಲ್ಲಿ ಫೋನಿನ ಯಜಮಾನ್ರ ಹಳೇ ಪದಗಳೆಲ್ಲ ಇಣುಕುತ್ವೆ.

ಟವರ್_ಕಾಗೆ, ಮೂಡಿಗೆರೆ

ನೆಟ್‌ವರ್ಕ್ ಭಾಗಕ್ಕೆ ಬರ್ತೀನಿ. ಬಿಸ್ಲೆ, ಚಾರ್ಮಾಡಿ ಕಡೆ ಸಿಗ್ನಲ್ ಕಡ್ಡಿ ಇಲ್ಲದಿರೋದು ಯಾರಿಗೂ ಹೊಸದಲ್ಲ. ಆದ್ರೆ ‘ನೆಟ್‌ವರ್ಕ್ ಇಲ್ಲ, ಆದ್ರೂ ಕರೆ ಬಂತು’ ಈಗ ಭೂತದ ಕೆಲಸ ಅಲ್ಲ. ಏರ್‌ಟೆಲ್ 2019ರ ಡಿಸೆಂಬರಲ್ಲಿ, ಜಿಯೋ 2020ರ ಜನವರಿಯಲ್ಲಿ ವೈಫೈ ಕಾಲಿಂಗ್ ಶುರು ಮಾಡಿದ್ವು. ಬಂಗಲೆಗೆ ಫೈಬರ್ ಇದ್ರೆ ಒಂದು ಕಡ್ಡಿ ಇಲ್ದೇನೂ ರಿಂಗ್ ಆಗುತ್ತೆ. ಅದನ್ನ ಸಿನಿಮಾದ ಮೊದಲ ಐದು ನಿಮಿಷದಲ್ಲೇ ಹೋಂಸ್ಟೇ ಮಾಲೀಕರ ಬಾಯಲ್ಲಿ ಹೇಳಿಸಿ: ‘ವೈಫೈ ಸೇ ಕಾಲ್ ಆ ಜಾಯೇಗಾ.’ ಆಮೇಲೆ ಕರೆಂಟ್ ತೆಗೀರಿ. ರೌಟರ್ ದೀಪ ಆರಿದೆ, ಕಡ್ಡಿ ಇಲ್ಲ. ಈಗ ರಿಂಗ್ ಆದ್ರೆ ಲೆಕ್ಕ ಬೇರೆ.

ಒಂದು ಸಣ್ಣ ವಿಷಯ: ಸ್ವಂತ ಕಂಪನಿ ಟವರ್ ಇಲ್ಲದೆ ಬೇರೆ ಕಂಪನಿದು ಇದ್ರೆ ಸ್ಕ್ರೀನ್ ಮೇಲೆ ‘ನೋ ಸರ್ವೀಸ್’ ಬರಲ್ಲ, ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಬರುತ್ತೆ. ಯಾವುದು ತೋರಿಸ್ತೀರಿ ಅಂತ ನಿರ್ಧಾರ ಮಾಡ್ಕೊಂಡು ಕೊನೇವರೆಗೂ ಅದನ್ನೇ ಇಡಿ.

ಈಗ ‘ಪಾಪಾ’. ಸತ್ತವರ ನಂಬರಿಂದ ಕರೆ ಬರೋಕೆ ಭೂತಾನೇ ಬೇಕಿಲ್ಲ. ಪ್ರೀಪೇಡ್ ಸಿಮ್ಮು 90 ದಿನ ಬಳಕೆ ಆಗದೆ, ಬ್ಯಾಲೆನ್ಸೂ ಇಲ್ಲದೆ ಬಿದ್ದಿದ್ರೆ ಮುಚ್ಚಿಹೋಗುತ್ತೆ. ಬ್ಯಾಲೆನ್ಸಲ್ಲಿ 20 ರೂಪಾಯಿ ಇದ್ರೆ ಅದನ್ನ ಮುರ್ಕೊಂಡು 30 ದಿನ ಮುಂದಕ್ಕೆ ಹಾಕ್ತಾರೆ. ಮುಚ್ಚಿದ ಮೇಲೆ ಕನಿಷ್ಠ 90 ದಿನ ಆ ನಂಬರನ್ನ ಯಾರಿಗೂ ಕೊಡಂಗಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದ್ದೂ ಇದನ್ನೇ. ಆಮೇಲೆ ಅಂಗಡಿಗೆ ಬರುತ್ತೆ. ಆರು ತಿಂಗಳು ಅಂತ ನೀವು ಬರ್ಕೊಂಡಿದ್ದೀರಲ್ಲ, ಸರಿಯಾಗಿ 90 ಕೂಡ್ಸು 90.

ನಾಳೆ_ಬಾ, ಅರಸೀಕೆರೆ

ಅಣ್ಣ, ಇದಕ್ಕೆ ಪಂಚಾಂಗ ಜೋಡಿಸಿ ನೋಡಿ. 2023ರ ಯುಗಾದಿ ಮಾರ್ಚ್ 22. ಅವತ್ತು ತೀರಿಕೊಂಡ್ರು ಅಂದ್ಕೊಳ್ಳಿ. 90 ದಿನಕ್ಕೆ ಜೂನ್ 20, ಇನ್ನೊಂದು 90ಕ್ಕೆ ಸೆಪ್ಟೆಂಬರ್ 18. ಹೊಸಬ್ರು ಸಿಮ್ ಹಾಕ್ಕೊಳ್ಳೋ ಹೊತ್ತಿಗೆ ಪಿತೃಪಕ್ಷ! ಮಹಾಲಯ ಅಮಾವಾಸ್ಯೆ ಆ ವರ್ಷ ಅಕ್ಟೋಬರ್ 14. ಅವತ್ತೇ ಸೂರ್ಯಗ್ರಹಣಾನೂ ಇತ್ತು, ನಮ್ಮ ಕಡೆ ಕಾಣಿಸ್ಲಿಲ್ಲ ಅಷ್ಟೇ. ಹಿಂದಿಯವರಿಗೂ ಪಿತೃಪಕ್ಷ ವಿವರಿಸಿ ಹೇಳೋ ಅಗತ್ಯ ಇಲ್ಲ, ಗಂಡ ಅಪ್ಪನ ಶ್ರಾದ್ಧ ತಪ್ಪಿಸಿ ರಜಾಕ್ಕೆ ಬಂದಿದ್ದಾನೆ ಅಂದ್ರೆ ಸಾಕು.

ಟವರ್_ಕಾಗೆ, ಮೂಡಿಗೆರೆ

ಬಂತು ನೋಡಿ. ಕಥೆಯನ್ನ 2023ರ ಅಕ್ಟೋಬರಿಗೇ ಕಟ್ಟಿಹಾಕಿ, ಇನ್ನೆರಡು ಲಾಭ ಇದೆ. ಒಂದು: ಆ ತಿಂಗಳಲ್ಲೇ ದೂರಸಂಪರ್ಕ ಇಲಾಖೆಯವರು ಎಮರ್ಜೆನ್ಸಿ ಅಲರ್ಟ್ ಪರೀಕ್ಷೆ ಮಾಡಿದ್ದು. ಸೈಲೆಂಟಲ್ಲಿಟ್ಟ ಫೋನೂ ಸೈರನ್ ತರ ಕೂಗ್ಕೊಳ್ತು, ಒಂದೇ ಹೊತ್ತಿಗೆ, ರೂಮಲ್ಲಿದ್ದ ಎಲ್ಲಾ ಫೋನು. ಅದು ಎಸ್ಸೆಮ್ಮೆಸ್ ಅಲ್ಲ, ಸೆಲ್ ಬ್ರಾಡ್‌ಕಾಸ್ಟ್. ನಂಬರ್ ಗೊತ್ತಿರಬೇಕಿಲ್ಲ, ಟವರಿನ ಕೆಳಗಿದ್ದೋರಿಗೆಲ್ಲ ಹೋಗುತ್ತೆ. ಆ ಸದ್ದನ್ನ ಹಗಲಲ್ಲಿ ಒಂದ್ಸಲ ಕೇಳಿಸಿ ನಗಿಸಿಬಿಡಿ, ರಾತ್ರಿಗೆ ಬಳಸ್ಕೊಳ್ಳಿ. ಎರಡು: ನಕ್ಷತ್ರ 401 ಒತ್ತಿ ಕರೆಗಳನ್ನ ಬೇರೆ ನಂಬರಿಗೆ ತಿರುಗಿಸೋ ಸೌಲಭ್ಯ ಆಗ ಇನ್ನೂ ಇತ್ತು. 2024ರ ಏಪ್ರಿಲ್ 15ರಿಂದ ನಿಲ್ಲಿಸಿದ್ರು. ಗಂಡನಿಗೆ ಬರೋ ಕರೆಗಳೆಲ್ಲ ‘ಪಾಪಾ’ ನಂಬರಿಗೆ ಹೋಗ್ತಿವೆ ಅನ್ನೋ ತಿರುವು ಬೇಕಾದ್ರೆ ಆ ತಾರೀಖಿನೊಳಗೇ ಇರ್ಬೇಕು.

ಮತ್ತೆ ವಾಟ್ಸಾಪು. ಅಪ್ಪನ ಹಳೇ ಫೋನನ್ನ ಮಗ ವೈಫೈಗೆ ಹಾಕಿಟ್ಕೊಂಡಿದ್ದಾನೆ ಅಂದ್ರೆ, ಸಿಮ್ ಸತ್ರೂ ಅದರಲ್ಲಿ ವಾಟ್ಸಾಪ್ ನಡೀತಿರುತ್ತೆ, ಫ್ಯಾಮಿಲಿ ಗ್ರೂಪಲ್ಲಿ ಅಪ್ಪ ಇರ್ತಾರೆ. ಹೊಸಬ್ರು ಅದೇ ನಂಬರಲ್ಲಿ ವಾಟ್ಸಾಪ್ ಹಾಕ್ಕೊಂಡ ಕ್ಷಣ ಹಳೇ ಫೋನು ಲಾಗೌಟ್. ಯಾರೂ ಮುಟ್ಟದ ಫೋನಲ್ಲಿ ‘ಈ ನಂಬರ್ ಬೇರೊಂದು ಫೋನಿನಲ್ಲಿ ನೋಂದಣಿಯಾಗಿದೆ’ ಅನ್ನೋ ಅರ್ಥದ ಸಾಲು ಬರುತ್ತೆ. ಮಗ ಅದನ್ನ ಓದೋ ಮುಖ ತೋರಿಸಿ ಸಾಕು. ಟ್ರೂಕಾಲರೂ ಹೊಸಬ್ರ ನಂಬರಿಗೆ ಬಹಳ ದಿನ ಹಳಬ್ರ ಹೆಸರೇ ತೋರಿಸ್ತಿರುತ್ತೆ, ಜನ ಸೇವ್ ಮಾಡ್ಕೊಂಡಿದ್ದು ಅಲ್ಲಿ ಹಾಗೇ ಇರುತ್ತಲ್ಲ.

ಸರಪಳಿ ನೋಡಿ: ಊದಿದ ಬ್ಯಾಟರಿ ‘ಪಾಪಾ’ಗೆ ಡಯಲ್ ಮಾಡ್ತು. ಅರ್ಧರಾತ್ರೀಲಿ ಮಿಸ್ಡ್ ಕಾಲ್ ನೋಡಿದ ಹೊಸಬ ತಿರುಗಿ ಮಾಡ್ದ. ಎಲ್ಲಾ ಕ್ರಮಬದ್ಧ, ಎಲ್ಲೂ ಭೂತ ಇಲ್ಲ.

ಕರೆಂಟ್_ಹೋಯ್ತು, ಕಳಸ

ಭೂತಾನೇ ಇಲ್ಲ ಅಂದ್ರೆ ಇದು ಹಾರರ್ ಹೇಗಾಗುತ್ತೆ ಮಾರಾಯ್ರೆ, ಕಸ್ಟಮರ್ ಕೇರ್ ಆಗುತ್ತೆ.

ನಾಳೆ_ಬಾ, ಅರಸೀಕೆರೆ

ನಗು ಬಂತು, ಆದ್ರೆ ಮಾತು ಸರಿ. ಎಲ್ಲಾ ಬಿಡಿಸಿ ಹೇಳಿದ ಮೇಲೆ ಒಂದೇ ಒಂದು ಎಳೆ ಬಿಡಿಸೋಕಾಗದೆ ಉಳೀಬೇಕು. ಯಾವುದು ಅನ್ನೋದು ಇನ್ನೂ ಸಿಕ್ಕಿಲ್ಲ. ಪಾಕಿಸ್ತಾನದಲ್ಲಿ 2007ರಲ್ಲಿ ಯಾವುದೋ ನಂಬರಿನ ಕರೆ ತಗೊಂಡ್ರೆ ಸಾಯ್ತಾರೆ ಅಂತ ಗಾಳಿಸುದ್ದಿ ಹಬ್ಬಿ ಮೊಬೈಲ್ ಕಂಪನಿಗಳೇ ಸುಳ್ಳು ಅಂತ ಹೇಳ್ಬೇಕಾಯ್ತು. ಆ ತರದ ಶಾಪದ ನಂಬರ್ ಕಥೆ ಬೇಡ, ಹಳಸಿದೆ. ಬ್ಲಾಕ್ ಮಾಡಿದ ನಂಬರಿಗೆ ‘ಕಲ್ ಆನಾ’ ಅಂತ ಮೆಸೇಜ್ ಹೋಗೋದೂ ಬೇಡ. 2018ರ ‘ಸ್ತ್ರೀ’ ಸಿನಿಮಾದಲ್ಲಿ ನಮ್ಮ ನಾಳೆ ಬಾ ಹಿಂದೀಲಿ ಗೋಡೆ ಮೇಲೆ ಬಂದಾಗಿದೆ.

ನೂರ_ನಲವತ್ನಾಲ್ಕು_ಡಿಗ್ರಿ, ಚಿಕ್ಕಮಗಳೂರು

ಎಳೆ ಸಿಗೋವರೆಗೆ ಕ್ಯಾಮೆರಾ ಮಾತಾಡೋಣ. ಫೋನ್ ಸ್ಕ್ರೀನ್ ಶೂಟ್ ಮಾಡೋದ್ರಲ್ಲೇ ಇಂಥ ಸಿನಿಮಾ ಅರ್ಧ ಕೆಡೋದು.

ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತೆ. ಅದಕ್ಕೇ ಎಲ್ರೂ ಶಟರ್ 1/50 ಸೆಕೆಂಡಿಗೆ ಇಡ್ತಾರೆ. ಆದ್ರೆ ಫೋನಿನ ಸ್ಕ್ರೀನು 60 ಹರ್ಟ್ಸ್. ಒಎಲ್ಇಡಿ (ಪ್ರತಿ ಚುಕ್ಕೆ ತಾನೇ ಬೆಳಗೋ ಸ್ಕ್ರೀನು) ಫೋನಾದ್ರೆ 1/50ರಲ್ಲಿ ಒಂದು ಪಟ್ಟಿ ಮೇಲಿಂದ ಕೆಳಗೆ ತೆವಳ್ತಾ ಇರುತ್ತೆ. ಶಟರ್ 1/60 ಇಟ್ರೆ ಸ್ಕ್ರೀನಿನ ಒಂದು ಸುತ್ತು ಪೂರ್ತಿ ಒಳಗೆ ಬಂದು ಪಟ್ಟಿ ಹೋಗುತ್ತೆ. ಶಟರ್ ಕೋನದ ಲೆಕ್ಕದಲ್ಲಿ, ಸೆಕೆಂಡಿಗೆ 24 ಫ್ರೇಮಲ್ಲಿ ಇದು 144 ಡಿಗ್ರಿ, 25ರಲ್ಲಿ 150 ಡಿಗ್ರಿ. ಹಲವು ಒಎಲ್ಇಡಿಗಳು ಬ್ರೈಟ್‌ನೆಸ್ ಇಳಿಸೋಕೆ 240 ಹರ್ಟ್ಸಲ್ಲಿ ಮಿನುಗುತ್ವೆ, ಅದೂ 60ರ ನಾಲ್ಕು ಪಟ್ಟು, ಹಾಗಾಗಿ 1/60 ಅದನ್ನೂ ನುಂಗುತ್ತೆ. 120 ಹರ್ಟ್ಸ್ ಫೋನಾದ್ರೆ ಸೆಟ್ಟಿಂಗ್ಸಲ್ಲಿ 60ಕ್ಕೆ ಕಟ್ಟಿಹಾಕಿ, ಆಟೋ ಬಿಟ್ರೆ ಶಾಟಿನ ನಡುವೆ ಬದಲಾಗುತ್ತೆ.

ಸ್ಕ್ರೀನ್ ಸರಿ ಹೋಯ್ತು, ಈಗ 1/60ರಲ್ಲಿ ಬಂಗಲೆಯ ಬಲ್ಬು ಮಿನುಗೋಕೆ ಶುರು. ಅಗ್ಗದ ಎಲ್ಇಡಿ ಬಲ್ಬಿದ್ರೆ ಗೋಡೆ ಮೇಲೆ ಕಪ್ಪು ಪಟ್ಟಿ. ಇದಕ್ಕಿರೋ ದಾರಿ ಒಂದೇ: ಫೋನ್ ಕಾಣೋ ಶಾಟಲ್ಲಿ ಮೇನ್ಸ್ ಬಲ್ಬೇ ಬೇಡ. ಬ್ಯಾಟರಿ ಎಲ್ಇಡಿ ಪ್ಯಾನೆಲ್ ಎರಡು, ಒಂದು ಕಿಟಕಿ ಆಚೆ ಬೆಳದಿಂಗಳಿಗೆ, ಒಂದು ಹಾಲಿಂದ ಬಾಗಿಲ ಸಂದಿಗೆ. ಕರೆಂಟ್ ಹೋಗಿದೆ ಅಂತ ಕಥೇಲೇ ಇದೆ, ಕೇಳೋರಿಲ್ಲ.

ಸ್ಕ್ರೀನ್ ಬೆಳಕೊಂದರಲ್ಲೇ ಮುಖ ತೋರಿಸ್ತೀವಿ ಅಂದ್ರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸ್ಬೇಕು, ಚಿತ್ರ ಕಾಳು ಕಾಳಾಗುತ್ತೆ. ಅಂಗೈಯಗಲದ ಎಲ್ಇಡಿ ಒಂದನ್ನ ಫೋನಿನ ಕೆಳಗೆ, ಮುಂಗೈ ಮರೇಲಿ ಹಿಡಿಸಿ. ಬಣ್ಣ 6500 ಕೆಲ್ವಿನ್, ಕ್ಯಾಮೆರಾ 4300ಕ್ಕೆ. ಮುಖ ತಣ್ಣಗೆ ನೀಲಿಗಿರುತ್ತೆ.

ಈಗ ಒಂದು ತಂತ್ರ, ಪೈಸೆ ಖರ್ಚಿಲ್ಲ. ಎಲ್‌ಸಿಡಿ ಸ್ಕ್ರೀನಿನ ಫೋನು ತಗೊಳ್ಳಿ, ಕಡಿಮೆ ಬೆಲೇವು ಬಹಳಷ್ಟು ಅವೇ. ಲೆನ್ಸಿಗೆ ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋ ಪೋಲರೈಸರ್ ಫಿಲ್ಟರ್ ಹಾಕಿ. ಎಲ್‌ಸಿಡಿಯಿಂದ ಬರೋ ಬೆಳಕು ಒಂದೇ ದಿಕ್ಕಿಗೆ ಪೋಲರೈಸ್ ಆಗಿರುತ್ತೆ, ಫಿಲ್ಟರ್ 90 ಡಿಗ್ರಿ ತಿರುಗಿಸಿದ್ರೆ ಕ್ಯಾಮೆರಾಗೆ ಸ್ಕ್ರೀನು ಕಪ್ಪು. ಮುಖದ ಮೇಲೆ ಬೀಳೋ ಬೆಳಕು ಮಾತ್ರ ಹಾಗೇ! ಅಂದ್ರೆ ಅವಳು ಫೋನ್ ನೋಡ್ತಿದ್ದಾಳೆ, ಮುಖ ಬೆಳಗ್ತಿದೆ, ನಿಧಾನಕ್ಕೆ ಸ್ಕ್ರೀನ್ ಆರುತ್ತೆ, ಮುಖದ ಬೆಳಕು ಆರಲ್ಲ. ನೋಡೋರಿಗೆ ಏನೋ ಸರಿಯಿಲ್ಲ ಅನ್ಸುತ್ತೆ, ಏನು ಅಂತ ಗೊತ್ತಾಗಲ್ಲ. ಫಿಲ್ಟರನ್ನ ಐದಾರು ಸೆಕೆಂಡಲ್ಲಿ ಒಂದೇ ವೇಗಕ್ಕೆ ತಿರುಗಿಸೋದು ಅಭ್ಯಾಸ ಬೇಕು. ಫಿಲ್ಟರು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ) ಬೆಳಕು ತಿನ್ನುತ್ತೆ, ಮೊದಲೇ ಲೆಕ್ಕಕ್ಕೆ ತಗೊಳ್ಳಿ. ಟೆಂಪರ್ಡ್ ಗ್ಲಾಸ್ ಇದ್ರೆ ಪರವಾಗಿಲ್ಲ, ಪ್ಲಾಸ್ಟಿಕ್ ಗಾರ್ಡ್ ಇದ್ರೆ ಕಿತ್ತುಹಾಕಿ, ಕಪ್ಪಾಗೋ ಬದಲು ಕಾಮನಬಿಲ್ಲು ಕಾಣುತ್ತೆ.

ರೊಬಸ್ಟಾ_ರಾತ್ರಿ, ಸಕಲೇಶಪುರ

ಇದು ಚಿನ್ನ! ಫೋಟೋದಲ್ಲಿ ಮೂರನೆಯವರು?

ನೂರ_ನಲವತ್ನಾಲ್ಕು_ಡಿಗ್ರಿ, ಚಿಕ್ಕಮಗಳೂರು

ಫೋನಲ್ಲೇ ಆಗುತ್ತೆ. ಪ್ರೊ ಮೋಡ್, ಶಟರ್ 8 ಸೆಕೆಂಡ್, ಐಎಸ್ಒ 100, ಫೋನು ಅಲುಗಾಡದಂಗೆ ಸ್ಟ್ಯಾಂಡಿಗೆ, 2 ಸೆಕೆಂಡ್ ಟೈಮರ್. ಮೂರನೆಯವರು 3 ಸೆಕೆಂಡ್ ನಿಂತು ಪಕ್ಕಕ್ಕೆ ಸರೀಬೇಕು, ಗಂಡ ಹೆಂಡತಿ ಎಂಟೂ ಸೆಕೆಂಡ್ ಉಸಿರು ಹಿಡೀಬೇಕು. ಸರಿದ ಮೇಲೆ ಹಿಂದಿರೋ ಗೋಡೆ ಮೇಲೆ ಬಿದ್ದ ಬೆಳಕೆಲ್ಲ ಅವರ ಮೇಲೆ ಸೇರ್ಕೊಳ್ಳುತ್ತೆ, ಅದಕ್ಕೇ ಪಾರದರ್ಶಕ. ಹಿಂದೆ ಬಿಳಿ ಗೋಡೆ ಇದ್ರೆ ಮನುಷ್ಯ ಪೂರ್ತಿ ಮಾಯ ಆಗ್ತಾರೆ. ಕಪ್ಪು ಬೀರು, ಮುಚ್ಚಿದ ಬಾಗಿಲು, ಮುಂದೆ ತೆಳು ಬಣ್ಣದ ಪಂಚೆ ಶರಟು ಉಟ್ಟೋರು. ಸರಿಯೋವಾಗ ಬೆಳಕಿಗೆ ಅಡ್ಡ ಬಂದ್ರೆ ಬಾಲ ಎಳೆದಂಗೆ ಗೆರೆ ಬರುತ್ತೆ, ಕೂತು ತೆವಳ್ಕೊಂಡು ಹೋಗ್ಲಿ.

ಕತ್ತಲಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋದ ಗುಂಡು ಗುಂಡು ಬೆಳಕು ‘ಆತ್ಮ’ ಅಂತ ಮಾತ್ರ ಬಳಸಬೇಡಿ. ಅದು ಲೆನ್ಸಿನ ಹತ್ರ ಇರೋ ಮಂಜಿನ ಹನಿ, ಧೂಳು. ಮಲೆನಾಡಲ್ಲಿ ಅಕ್ಟೋಬರಲ್ಲಿ ಯಾವ ಫೋಟೋ ತೆಗೆದ್ರೂ ಬರುತ್ತೆ.

ಅಂದ್ಹಾಗೆ ಅಕ್ಟೋಬರ್ ಅಂತ ಕಟ್ಟಿಹಾಕಿದ್ದೀರಿ, ಶೂಟಿಂಗ್ ಯಾವಾಗ? ಡಿಸೆಂಬರ್ ಜನವರಿ ಆದ್ರೆ ಗಿಡದಲ್ಲಿ ಹಣ್ಣು ಕೆಂಪಗಿರುತ್ತೆ, ಕಣದಲ್ಲಿ ಕಾಫಿ ಹರಡಿರುತ್ತೆ. ಅಕ್ಟೋಬರಲ್ಲಿ ಕಾಯಿ ಬಹುಪಾಲು ಹಸಿರು. ಕಣ ಫ್ರೇಮಿಗೆ ಬರಲೇಬಾರದು. ಮುಂಬೈಯಲ್ಲಿ ಯಾರೂ ಕಂಡುಹಿಡಿಯಲ್ಲ, ಇಲ್ಲಿ ಮೊದಲ ಶಾಟಿಗೇ ಹಿಡೀತಾರೆ.

ಇನ್ನೊಂದು: ಸ್ಕ್ರೀನ್ ಮೇಲೆ ಹತ್ತು ಅಂಕಿ ತೋರಿಸೋದಾದ್ರೆ 6, 7, 8, 9ರಿಂದ ಶುರುವಾಗೋ ನಂಬರ್ ಹಾಕ್ಲೇಬೇಡಿ, ನಮ್ಮ ಮೊಬೈಲ್ ನಂಬರೆಲ್ಲ ಅಲ್ಲಿಂದಲೇ ಶುರು. ಯಾರೋ ಪಾಪದವರಿಗೆ ಅರ್ಧರಾತ್ರಿ ಕರೆ ಹೋಗುತ್ತೆ. 5ರಿಂದ ಶುರು ಮಾಡಿ.

ಕಿವಿಗೊಟ್ಟು_ಕೇಳಿ, ಹಾಸನ

ಸೌಂಡಿಗೆ ಬರೋಣ, ಎಳೆ ಇಲ್ಲೇ ಇದೆ ಅನ್ಸುತ್ತೆ.

ಫೋನಿನ ದನಿ ಮಾಡೋಕೆ 300 ಹರ್ಟ್ಸ್ ಕೆಳಗಿಂದು, 3400 ಮೇಲಿಂದು ಕತ್ತರಿಸಿ. ಇದು 2ಜಿ ದನಿ. ವೋಲ್ಟೆ (4ಜಿ ಮೇಲಿನ ಕರೆ) ಆದ್ರೆ 50ರಿಂದ 7000ದವರೆಗೆ ಬಿಡಿ, ಅದು ತುಂಬಿದ ದನಿ. ರಾತ್ರಿ ಡೈಲಾಗಲ್ಲಿ ಜೀರುಂಡೆ, ಕಪ್ಪೆ ಕೂತಿರ್ತವೆ. ಆಚೆ ಕಡೆಯವರ ದನೀಲಿ ಅವು ಬರಬಾರದು, 3400ರ ಕತ್ತರಿ ಜೀರುಂಡೆಯನ್ನ ಬಹಳಷ್ಟು ತೆಗೆದುಹಾಕುತ್ತೆ, ಕಪ್ಪೆ ಉಳಿಯಬಹುದು. ಪ್ರತಿ ರೂಮಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ರೆಕಾರ್ಡ್ ಮಾಡ್ಕೊಳ್ಳಿ.

ಫೋನಲ್ಲಿ ಆಚೆಯವರು ಸುಮ್ಮನಿದ್ದಾಗ ಕೇಳೋ ಸಣ್ಣ ಸುಯ್ ಸದ್ದು ಅವರ ಕಡೆಯಿಂದ ಬರೋದಲ್ಲ. ಮಾತಿಲ್ಲದಾಗ ಫೋನು ಕಳಿಸೋದನ್ನ ನಿಲ್ಲಿಸುತ್ತೆ, ಈ ಕಡೆ ಫೋನೇ ಒಂದು ನಕಲಿ ಸದ್ದು ತುಂಬುತ್ತೆ, ಲೈನ್ ಕಟ್ಟಾಯ್ತು ಅನ್ನಿಸದೆ ಇರ್ಲಿ ಅಂತ. ಆ ಸುಯ್ ತೆಗೆದು ಪೂರ್ತಿ ಸೊನ್ನೆ ಮಾಡಿ ನೋಡಿ, ಮೂರನೇ ಸೆಕೆಂಡಿಗೆ ಯಾರಾದ್ರೂ ‘ಹಲೋ, ಹಲೋ’ ಅಂತಾರೆ. ‘ಪಾಪಾ’ ಕರೇಲಿ ಸುಮ್ಮನಿರೋ ಹೊತ್ತು ಸೊನ್ನೆ ಇಡಿ. ಮಿಕ್ಕೆಲ್ಲ ಕರೆಗಳಲ್ಲಿ ಸುಯ್ ಇರ್ಲಿ.

ಈಗ ಎಳೆ. ರೇಡಿಯೋ ಹತ್ರ ಹಳೇ ಮೊಬೈಲ್ ಇಟ್ರೆ ಕರೆ ಬರೋಕೆ ಒಂದೆರಡು ಸೆಕೆಂಡ್ ಮೊದಲೇ ‘ಟಿಟ್ ಟಿಟ್ ಟಿಟ್, ಟರ್ರ್’ ಅಂತ ಬರ್ತಿತ್ತಲ್ಲ? 2ಜಿ ಫೋನು ಸದಾ ಕಳಿಸ್ತಿರಲ್ಲ. ಎಂಟು ಪಾಳಿಯಲ್ಲಿ ಒಂದು ಪಾಳಿ ಮಾತ್ರ, ಸುಮಾರು 577 ಮೈಕ್ರೋಸೆಕೆಂಡು, ಸೆಕೆಂಡಿಗೆ 217 ಸಲ. ಆ 217 ಹರ್ಟ್ಸ್ ಬಡಿತವನ್ನೇ ಆಂಪ್ಲಿಫೈಯರ್ ವೈರು ಹಿಡಿದು ಕೇಳಿಸೋದು. 900 ಮೆಗಾಹರ್ಟ್ಸ್ ಬ್ಯಾಂಡಲ್ಲಿ 2ಜಿ ಫೋನು 2 ವ್ಯಾಟ್‌ವರೆಗೂ ಕಳಿಸುತ್ತೆ, 4ಜಿ ಫೋನು 0.2 ವ್ಯಾಟು. 4ಜಿ ಫೋನಿಂದ ಈ ಸದ್ದು ಬರಲ್ಲ.

ಗಂಡ ಹೆಂಡತಿ ಇಬ್ಬರದೂ ಜಿಯೋ ಅಂತ ಇಡಿ. ಜಿಯೋದಲ್ಲಿ 2ಜಿನೇ ಇಲ್ಲ. ಹಾಲಿನಲ್ಲಿ ಹಳೇ ರೇಡಿಯೋ ಸಣ್ಣಗೆ ಆನ್ ಇದೆ. ‘ಪಾಪಾ’ ಕರೆ ಬರೋಕೆ ಎರಡು ಸೆಕೆಂಡ್ ಮುಂಚೆ ರೇಡಿಯೋ ‘ಟಿಟ್ ಟಿಟ್ ಟಿಟ್’ ಅಂದ್ರೆ ಏನರ್ಥ?

ಟವರ್_ಕಾಗೆ, ಮೂಡಿಗೆರೆ

ಕರೆ ಮಾಡ್ತಿರೋ ಫೋನು ಆ ರೇಡಿಯೋದಿಂದ ಎರಡು ಮೂರು ಅಡಿಯೊಳಗಿದೆ.

ನಾಳೆ_ಬಾ, ಅರಸೀಕೆರೆ

ಯಪ್ಪಾ. ಮುಗೀತು ಕಥೆ, ಇದೇ ಕ್ಲೈಮ್ಯಾಕ್ಸು.

ಟವರ್_ಕಾಗೆ, ಮೂಡಿಗೆರೆ

ಇದಕ್ಕೆ ಹೊಂದೋ ಸುಳಿವು ಇನ್ನೊಂದಿದೆ, ಮೂರನೇ ರಾತ್ರಿಗೆ ಇಡಬಹುದು. ಹೆಂಡತಿ ‘ಪಾಪಾ’ಗೆ ತಾನೇ ಕರೆ ಮಾಡ್ತಾಳೆ. ಮುಂಬೈ ನಂಬರು, ಹಿಂದಿ ಇಲ್ಲಾ ಮರಾಠಿ ಪ್ರಕಟಣೆ ಬರ್ಬೇಕು. ಬರೋದು ಕನ್ನಡ: ‘ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.’ ಫೋನನ್ನ ಸರಿಯಾಗಿ ಆಫ್ ಮಾಡಿದ್ರೆ ಅದು ನೆಟ್‌ವರ್ಕಿಗೆ ಹೇಳಿ ಹೋಗುತ್ತೆ, ಆ ನಂಬರಿನ ಸ್ವಂತ ಊರಿನ ನೆಟ್‌ವರ್ಕೇ ಅದರ ಭಾಷೇಲಿ ಉತ್ತರ ಕೊಡುತ್ತೆ. ಹೇಳ್ದೆ ಸಿಗ್ನಲ್ ಕಳ್ಕೊಂಡ್ರೆ, ಕೊನೆಗೆ ಯಾವ ಕಡೆ ಇತ್ತೋ ಆ ಕಡೆ ಎಕ್ಸ್‌ಚೇಂಜು ಹುಡುಕಿ ಸೋತು ತನ್ನ ಭಾಷೇಲಿ ಹೇಳುತ್ತೆ. ಸಾಮಾನ್ಯವಾಗಿ 2ಜಿಯಲ್ಲಿ ಹೀಗೆ. ವೋಲ್ಟೆಯಲ್ಲಿ ಖಾತ್ರಿ ಇಲ್ಲ. ನಿಮ್ಮ ‘ಪಾಪಾ’ ಹೇಗೂ 2ಜಿ. ಹಿಂದಿಯವರಿಗೆ ಪ್ರಕಟಣೆ ಅರ್ಥ ಆಗಲ್ಲ, ಹೆಂಡತಿಗೂ ಆಗಲ್ಲ. ಬೆಳಿಗ್ಗೆ ಅಡುಗೆಯವರ ಹತ್ರ ಅದನ್ನ ಬಾಯಿಪಾಠ ಒಪ್ಪಿಸಿ ಅರ್ಥ ಕೇಳ್ಲಿ. ಕನ್ನಡದೋರು ಹಿಂದಿನ ರಾತ್ರೀನೇ ಸೀಟಿನ ತುದಿಗೆ ಬಂದಿರ್ತಾರೆ.

ಮಲೆನಾಡಿಗೆ ಇನ್ನೊಂದು ಅನುಕೂಲ. ಟವರ್ ದೂರ ಇದ್ದಷ್ಟೂ ಫೋನು ಜೋರಾಗಿ ಕಳಿಸುತ್ತೆ. ಹಾಸನ ಪೇಟೇಲಿ ಕೇಳದ ಟರ್ರ್ ಬಿಸ್ಲೆ ಕಡೆ ಜೋರಾಗೇ ಕೇಳುತ್ತೆ.

ಕರೆಂಟ್_ಹೋಯ್ತು, ಕಳಸ

ಹಾಗಾದ್ರೆ ಫೋನು ಮನೆಯೊಳಗೇ ಇದೆ. ಹಿಡ್ಕೊಂಡಿರೋದು ಮನುಷ್ಯನೋ, ಅಪ್ಪನೋ? ಸರಿ ಮಾರಾಯ್ರೆ, ಕೈ ಬೇಡ ಬಿಡಿ.

ರೊಬಸ್ಟಾ_ರಾತ್ರಿ, ಸಕಲೇಶಪುರ

ಡೈರೆಕ್ಟರಿಗೆ ಕಳಿಸಿದ್ದೀನಿ, ಕೈ ಹೋಯ್ತು. ರೇಡಿಯೋ ಮೇಲೆ ಎರಡು ಪ್ರಶ್ನೆ: ಕಥೇಲಿ ಕರೆಂಟ್ ಹೋಗಿರುತ್ತೆ, ರೇಡಿಯೋ ಆನ್ ಇರೋದು ಹೇಗೆ? ಸದ್ದು ನಿಜವಾದ್ದೇ ರೆಕಾರ್ಡ್ ಮಾಡ್ಬೇಕಾ?

ಕಿವಿಗೊಟ್ಟು_ಕೇಳಿ, ಹಾಸನ

ಸೆಲ್ ಹಾಕೋ ಟ್ರಾನ್ಸಿಸ್ಟರ್ ಇಡಿ, ದೊಡ್ಡ ಸೆಲ್ಲಿನದು. ಆನ್ ಇರ್ಲೇಬೇಕು, ಆಂಪ್ಲಿಫೈಯರಿಗೆ ಕರೆಂಟ್ ಇಲ್ದೆ ಸದ್ದು ಬರಲ್ಲ. ಸಾಯಂಕಾಲ ಗಂಡ ಸ್ಟೇಷನ್ ಹುಡುಕಿ ಸಿಗದೆ, ವಾಲ್ಯೂಮ್ ಇಳಿಸಿ ಆಫ್ ಮಾಡದೆ ಬಿಟ್ಟ ಅಂತ ಒಂದು ಶಾಟ್ ಇರ್ಲಿ.

ಸದ್ದು ನಿಜವಾದ್ದೇ ಹಿಡೀರಿ, ಮಾಡಿದ್ದು ಗೊತ್ತಾಗುತ್ತೆ. ಏರ್‌ಟೆಲ್ ಅಥವಾ ಬಿಎಸ್ಸೆನ್ನೆಲ್ ಸಿಮ್ಮು ಕೀಪ್ಯಾಡ್ 2ಜಿ ಸೆಟ್ಟಿಗೆ ಹಾಕಿ. ರೆಕಾರ್ಡರಿಗೆ ಆಕ್ಸ್ (ಆಡಿಯೋ) ವೈರ್ ಸಿಕ್ಕಿಸಿ, ಇನ್ನೊಂದು ತುದಿ ಎಲ್ಲಿಗೂ ಸೇರಿಸಬೇಡಿ, ಆ ವೈರಿನ ಮೇಲೆ ಫೋನಿಟ್ಟು ಇನ್ನೊಂದು ನಂಬರಿಗೆ ಕರೆ ಮಾಡಿ. ಒಂದು ಹತ್ತು ಸಲ ಮಾಡಿ, ಪ್ರತಿ ಸಲಾನೂ ಟಿಟ್‌ಗಳ ಲಯ ಸ್ವಲ್ಪ ಬೇರೆ ಇರುತ್ತೆ, ಬೇಕಾದ್ದು ಆರಿಸ್ಕೊಳ್ಳಿ. ರೆಕಾರ್ಡರ್ ಲೆವೆಲ್ ಕಮ್ಮಿ ಇಡಿ, ಇಲ್ಲಾಂದ್ರೆ ಸದ್ದು ಒಡೆದು ಬರುತ್ತೆ. ಆಮೇಲೆ ಅದನ್ನ ಟ್ರಾನ್ಸಿಸ್ಟರಿನ ಸ್ಪೀಕರಲ್ಲೇ ನುಡಿಸಿ, ಹಾಲಿನ ಈ ತುದೀಲಿ ಮೈಕಿಟ್ಟು ಮತ್ತೆ ಹಿಡೀರಿ, ರೂಮಿನ ಗಾಳಿ ಸೇರ್ಲಿ. ಎಡಿಟಲ್ಲಿ ಟಿಟ್ ಮೊದಲು, ಎರಡು ಸೆಕೆಂಡ್ ಬಿಟ್ಟು ಸ್ಕ್ರೀನ್ ಬೆಳಗ್ಲಿ, ಆಮೇಲೆ ರಿಂಗು. ಮೊದಲನೇ ರಾತ್ರಿಯಿಂದ್ಲೇ ಪ್ರತಿ ಕರೆಗೂ ಮೆಲ್ಲಗೆ ಹಾಕ್ತಾ ಬನ್ನಿ, ಯಾರೂ ಗಮನಿಸಲ್ಲ. ನಾಲ್ಕನೇ ರಾತ್ರಿ ಟಿಟ್ ಬರ್ಲಿ, ರಿಂಗ್ ಬರೋದು ಬೇಡ.